ಇಪ್ಪತ್ತೊಂದು ಮಿಲಿಮೀಟರ್ ಹಠ

ಇವತ್ತು ರಾಜಕೀಯ ಬೇಡ. ಬೆಳಗ್ಗೆಯಿಂದ ಅದನ್ನೇ ನೋಡಿ ನೋಡಿ ನಿಮಗೂ ತಲೆ ಕೆಟ್ಟಿರುತ್ತೆ, ನನಗೂ ಕೆಟ್ಟಿದೆ. ಇವತ್ತು ನಾನು ಮಾತಾಡೋದು ರೈಲಿನ ಬಗ್ಗೆ. ಅದೂ ನಮ್ಮ ರೈಲಲ್ಲ, ಐರ್ಲೆಂಡಿನ ಹಳೇ ಉಗಿಬಂಡಿಗಳು. ಅದಕ್ಕಿಂತ ಹೆಚ್ಚಾಗಿ, ಆ ಉಗಿಬಂಡಿಗಳನ್ನು ಅಂಗೈಯಗಲದಲ್ಲಿ ಮತ್ತೆ ಕಟ್ಟೋ ಒಂದಿಷ್ಟು ಹಠಮಾರಿಗಳ ಬಗ್ಗೆ.

"ಆಟದ ರೈಲಾ? ಅದಕ್ಕೊಂದು ಕಾರ್ಯಕ್ರಮನಾ?" ಅಂತ ನಗಬೇಡಿ. ಸ್ವಲ್ಪ ತಾಳಿ.

ಮೊದಲು ಗೇಜ್ ಅಂದರೆ ಏನು ಅಂತ ನೋಡೋಣ. ನಮ್ಮಲ್ಲಿ ಐವತ್ತು ದಾಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೆಂಗಳೂರು–ಮೈಸೂರು ಲೈನು ಮೀಟರ್ ಗೇಜ್ ಆಗಿದ್ದ ಕಾಲ ಅವರಿಗೆ ನೆನಪಿದೆ. ತೊಂಬತ್ತರ ದಶಕದಲ್ಲಿ ಅದು ಬ್ರಾಡ್ ಗೇಜ್ ಆಯ್ತು. ಹಳಿಯ ಎರಡು ಕಂಬಿಗಳ ನಡುವಿನ ಅಂತರವೇ ಗೇಜ್. ಒಂದು ಗೇಜಿನ ಬಂಡಿ ಇನ್ನೊಂದು ಗೇಜಿನ ಮೇಲೆ ಓಡಲ್ಲ, ಅಷ್ಟೇ ವಿಷಯ. ನಮ್ಮ ಬ್ರಾಡ್ ಗೇಜ್ ಐದಡಿ ಆರಿಂಚು. ಇಂಗ್ಲೆಂಡಿನದು ನಾಲ್ಕಡಿ ಎಂಟೂವರೆ ಇಂಚು. ಐರ್ಲೆಂಡಿನದು? ಐದಡಿ ಮೂರಿಂಚು.

ಪಕ್ಕದ ದ್ವೀಪ, ಅದನ್ನು ಆಳ್ತಿದ್ದವರೂ ಇಂಗ್ಲಿಷರೇ, ಇಂಜಿನ್ ಕಟ್ಟೋ ಕಂಪನಿಗಳೂ ಬಹುಪಾಲು ಅಲ್ಲಿಯವೇ. ಆದರೂ ಹಳಿ ಬೇರೆ. ಯಾಕೆ? ಇದೊಂದು ಸೊಗಸಾದ ಸರ್ಕಾರಿ ಕಥೆ, ಕೇಳಿ.

ಐರ್ಲೆಂಡಿನ ಮೊದಲ ರೈಲು ಓಡಿದ್ದು 1834ರ ಡಿಸೆಂಬರಿನಲ್ಲಿ, ಡಬ್ಲಿನ್‌ನಿಂದ ಕಿಂಗ್ಸ್‌ಟೌನ್‌ಗೆ. ಈಗ ಆ ಊರಿನ ಹೆಸರು ಡನ್ ಲೇರಿ. ಅದು ಇಂಗ್ಲಿಷ್ ಗೇಜಿನಲ್ಲೇ ಇತ್ತು. ಐದು ವರ್ಷ ಬಿಟ್ಟು ಬೆಲ್‌ಫಾಸ್ಟ್ ಕಡೆ ಅಲ್ಸ್ಟರ್ ರೈಲ್ವೆ ಶುರುವಾಯ್ತು. ಅವರು ಆರಡಿ ಎರಡಿಂಚು ಹಾಕಿಕೊಂಡರು. ಆಮೇಲೆ ಡಬ್ಲಿನ್–ಡ್ರೊಹೆಡಾ ಕಂಪನಿ ಬಂತು. ಅವರು ಐದಡಿ ಎರಡಿಂಚು ಅಂದರು! ಒಂದು ಪುಟ್ಟ ದೇಶ, ಮೂರು ಕಂಪನಿ, ಮೂರು ಅಳತೆ. ಮುಂದೆ ಡಬ್ಲಿನ್–ಬೆಲ್‌ಫಾಸ್ಟ್ ಲೈನು ಸೇರಬೇಕಲ್ಲ, ಸೇರೋದು ಹೇಗೆ? ಜಗಳ ಸರ್ಕಾರದ ಬಾಗಿಲಿಗೆ ಹೋಯ್ತು. ಪ್ಯಾಸ್ಲಿ ಅನ್ನೋ ಸೇನಾಧಿಕಾರಿಗೆ ತೀರ್ಮಾನ ಮಾಡಪ್ಪಾ ಅಂದರು. ಆತ ದೊಡ್ಡ ದೊಡ್ಡ ಇಂಜಿನಿಯರುಗಳನ್ನು ಕೇಳಿದ. ಒಬ್ಬರು ಐದಡಿ ಅಂದರು, ಇನ್ನೊಬ್ಬರು ಐದೂವರೆ ಅಂದರು. ನಡುವಿನ ಅಂಕಿ ಹಿಡಿದು ಐದಡಿ ಮೂರಿಂಚು ಅಂತ ಬರೆದ ಅಂತ ಹೇಳ್ತಾರೆ. ಅಂದರೆ ಯಾರೂ ಕೇಳದ ಅಳತೆ ಎಲ್ಲರಿಗೂ ಬಂತು! 1846ರಲ್ಲಿ ಅದೇ ಕಾನೂನಾಯ್ತು. ಮೊದಲೇ ಹಾಕಿದ್ದ ಹಳಿಗಳನ್ನು ಕಿತ್ತು ಮತ್ತೆ ಹಾಕಿದರು. ಆಸ್ಟ್ರೇಲಿಯಾದ ವಿಕ್ಟೋರಿಯಾ, ಸೌತ್ ಆಸ್ಟ್ರೇಲಿಯಾ, ಆಚೆ ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಈ ಗೇಜ್ ಹೆಚ್ಚು ಕಡೆ ಕಾಣಲ್ಲ.

ಈಗ ಆಟಿಕೆ ವಿಷಯಕ್ಕೆ ಬರೋಣ. ಇಂಗ್ಲೆಂಡು, ಐರ್ಲೆಂಡಿನಲ್ಲಿ ಮಾಡೆಲ್ ರೈಲು ಕಟ್ಟೋರಲ್ಲಿ ತುಂಬಾ ಜನ ಹಿಡಿಯೋ ಅಳತೆ ಒಂದಿದೆ. ನಿಜವಾದ ಒಂದು ಅಡಿಗೆ ಮಾಡೆಲ್‌ನಲ್ಲಿ ನಾಲ್ಕು ಮಿಲಿಮೀಟರ್. ಲೆಕ್ಕ ಹಾಕಿ: ಐದಡಿ ಮೂರಿಂಚಿಗೆ ಎಷ್ಟಾಯ್ತು? ಸರಿಯಾಗಿ ಇಪ್ಪತ್ತೊಂದು ಮಿಲಿಮೀಟರ್. ಅಂಗಡಿಯಲ್ಲಿ ಸಿಗೋ ಹಳಿ ಎಷ್ಟು? ಹದಿನಾರೂವರೆ!

ಹದಿನಾರೂವರೆ ಯಾಕೆ ಬಂತು ಅನ್ನೋದೂ ಒಂದು ತಮಾಷೆನೇ. ಅದು ಮೂಲತಃ ಇನ್ನೂ ಸಣ್ಣ ಅಳತೆಗೆ, ಅಂದರೆ ಅಡಿಗೆ ಮೂರೂವರೆ ಮಿಲಿಮೀಟರ್ ಲೆಕ್ಕಕ್ಕೆ ಮಾಡಿದ ಹಳಿ. ಆದರೆ ಇಂಗ್ಲಿಷ್ ಇಂಜಿನ್‌ಗಳು ಯುರೋಪಿನವಕ್ಕಿಂತ ಸಣ್ಣ. ಆ ಕಾಲದ ಮೋಟಾರು ಆ ಪುಟ್ಟ ಹೊಟ್ಟೆಯೊಳಗೆ ಹಿಡೀತಿರಲಿಲ್ಲ. ಏನು ಮಾಡಿದರು? ಹೊಟ್ಟೆ ದೊಡ್ಡದು ಮಾಡಿದರು, ಕಾಲು ಹಾಗೇ ಬಿಟ್ಟರು. ಹೀಗಾಗಿ ಇಂಗ್ಲಿಷ್ ಮಾಡೆಲ್ ರೈಲೇ ಸ್ವಲ್ಪ ಕಾಲು ಕೂಡಿಸಿಕೊಂಡು ನಿಂತ ಹಾಗೆ ಕಾಣುತ್ತೆ. ಇನ್ನು ಅದೇ ಹಳಿಯ ಮೇಲೆ ಐರಿಷ್ ಇಂಜಿನ್ ನಿಲ್ಲಿಸಿದರೆ? ನಿಜದ ಲೆಕ್ಕದಲ್ಲಿ ಹದಿಮೂರೂವರೆ ಇಂಚು ಕಡಿಮೆ. ಪೈಲ್ವಾನನನ್ನು ತಂತಿಯ ಮೇಲೆ ನಡೆಸಿದ ಹಾಗೆ.

ಇಲ್ಲಿ ಮಾಡೆಲ್ ಕಟ್ಟೋರು ಎರಡು ಗುಂಪಾಗ್ತಾರೆ. ಒಂದು ಗುಂಪು ಹೇಳುತ್ತೆ: "ಪಕ್ಕದಿಂದ ನೋಡಿದರೆ ಗೊತ್ತಾಗಲ್ಲ ಬಿಡಿ, ಅಂಗಡಿಯ ಹಳಿನೇ ಸಾಕು, ರೈಲು ಓಡಿಸೋಣ." ಇನ್ನೊಂದು ಗುಂಪು ಒಪ್ಪಲ್ಲ. ಇಪ್ಪತ್ತೊಂದು ಅಂದರೆ ಇಪ್ಪತ್ತೊಂದೇ. ಹಾಗಂತ ಹೊರಟವನಿಗೆ ಅಂಗಡಿಯಲ್ಲಿ ಸಿದ್ಧ ಹಳಿಯ ಪೆಟ್ಟಿಗೆ ಕಾಯ್ತಾ ಇರಲ್ಲ. ಸ್ಲೀಪರ್‌ಗಳನ್ನು ಒಂದೊಂದಾಗಿ ಅಂಟಿಸಬೇಕು, ಅದರ ಮೇಲೆ ಕಂಬಿ ಇಟ್ಟು ಬೆಸುಗೆ ಹಾಕಬೇಕು, ಲೈನು ಕವಲೊಡೆಯೋ ಕಡೆ ಕಂಬಿಯನ್ನು ಅರದಿಂದ ಉಜ್ಜಿ ಚೂಪು ಮಾಡಬೇಕು. ಚಕ್ರಕ್ಕೆ ಉದ್ದದ ಅಚ್ಚು ಹುಡುಕಬೇಕು. ಚಕ್ರ ಹೊರಗೆ ಸರಿದರೆ ಮೇಲಿನ ಮಡ್‌ಗಾರ್ಡ್‌ಗೆ ತಾಗುತ್ತೆ, ಅದನ್ನೂ ತಿದ್ದಬೇಕು. ತಿರುವಿನಲ್ಲಿ ಹಳಿ ತಪ್ಪುತ್ತೆ, ಅಲ್ಲಿ ತಿರುವನ್ನೇ ಹಿಗ್ಗಿಸಬೇಕು. ಮನೆಯಲ್ಲಿ ಜಾಗ ಇಲ್ಲ ಅಂತ ಹೆಂಡತಿ ಬೈದರೆ ಅದನ್ನೂ ಕೇಳಿಸಿಕೊಳ್ಳಬೇಕು!

ನಾನಂತೂ ಮೊದಲ ಗುಂಪಿನವನು, ನನಗೆ ಅಷ್ಟು ತಾಳ್ಮೆ ಇಲ್ಲ. ಆದರೆ ಮರ್ಯಾದೆ ಕೊಡೋದು ಎರಡನೇ ಗುಂಪಿಗೆ. ಯಾಕೆ ಅಂತ ಹೇಳ್ತೀನಿ.

ಐರ್ಲೆಂಡಿನಲ್ಲಿ 101 ಅಂತ ಒಂದು ವರ್ಗದ ಇಂಜಿನ್ ಇತ್ತು. ಜೆ15 ಅಂತಲೂ ಕರೀತಾರೆ. ಡಬ್ಲಿನ್‌ನ ಇಂಚಿಕೋರ್ ಅನ್ನೋ ಕಡೆ ಗ್ರೇಟ್ ಸದರ್ನ್ ಅಂಡ್ ವೆಸ್ಟರ್ನ್ ರೈಲ್ವೆಯ ದೊಡ್ಡ ಕಾರ್ಖಾನೆ. ಅಲ್ಲಿನ ಮುಖ್ಯಸ್ಥ ಅಲೆಕ್ಸಾಂಡರ್ ಮ್ಯಾಕ್‌ಡೊನೆಲ್ ಕಾಲದಲ್ಲಿ, 1866ರಲ್ಲಿ ಶುರುವಾದ ಈ ಇಂಜಿನ್ನು 1903ರ ತನಕ ಒಟ್ಟು 111 ತಯಾರಾದವು. ಐರ್ಲೆಂಡಿನಲ್ಲಿ ಇಷ್ಟು ಸಂಖ್ಯೆಯಲ್ಲಿ ಇನ್ಯಾವ ಉಗಿಬಂಡಿಯೂ ಬಂದಿಲ್ಲ. ಒಂದು ಕಡೆಗೆ ಮೂರರಂತೆ ಆರು ಚಕ್ರ, ಅಷ್ಟೇ. ಅಂದಚಂದ ಏನೂ ಇಲ್ಲ, ನಮ್ಮ ಹಳ್ಳಿಯ ಎತ್ತಿನ ಹಾಗೆ. ಗೂಡ್ಸ್ ಎಳೆ ಅಂದರೆ ಎಳೀತಿತ್ತು, ಪ್ಯಾಸೆಂಜರ್ ಎಳೆ ಅಂದರೆ ಅದನ್ನೂ ಎಳೀತಿತ್ತು. ದನದ ಸಂತೆಗೆ, ಪುಟ್ಬಾಲ್ ಪಂದ್ಯದ ಸ್ಪೆಷಲ್‌ಗೆ, ಎಲ್ಲಕ್ಕೂ ಇದೇ.

ಈ ಇಂಜಿನ್‌ಗಳು ನೋಡಿದ್ದನ್ನು ನೋಡಿ. 1920ರಲ್ಲಿ ಐರಿಷ್ ರೈಲ್ವೆ ನೌಕರರು ಬ್ರಿಟಿಷರ ಶಸ್ತ್ರಾಸ್ತ್ರವನ್ನಾಗಲಿ, ಬಂದೂಕು ಹಿಡಿದ ಸೈನಿಕರನ್ನಾಗಲಿ ನಾವು ಸಾಗಿಸಲ್ಲ ಅಂತ ಪಟ್ಟು ಹಿಡಿದರು. ಮೇ ತಿಂಗಳಿಂದ ಡಿಸೆಂಬರ್ ತನಕ! ಸಿಪಾಯಿ ಹತ್ತಿದರೆ ಡ್ರೈವರ್ ಇಳೀತಿದ್ದ. ರೈಲು ನಿಂತಲ್ಲೇ ನಿಲ್ತಿತ್ತು. ಎಷ್ಟೋ ಜನ ಕೆಲಸ ಕಳೆದುಕೊಂಡರು. ಎರಡೇ ವರ್ಷಕ್ಕೆ ಅಂತರ್ಯುದ್ಧ. 1922ರ ಆಗಸ್ಟ್‌ನಲ್ಲಿ ಕಾರ್ಕ್ ದಾರಿಯ ಮ್ಯಾಲೋ ಸೇತುವೆಯನ್ನೇ ಸ್ಫೋಟಿಸಿದರು. ಡಬ್ಲಿನ್–ಕಾರ್ಕ್ ಮುಖ್ಯ ಲೈನು ಒಂದು ವರ್ಷಕ್ಕೂ ಹೆಚ್ಚು ಕಾಲ ತುಂಡಾಗಿ ಬಿದ್ದಿತ್ತು. 1925ರಲ್ಲಿ ಸ್ವತಂತ್ರ ಐರ್ಲೆಂಡಿನೊಳಗಿನ ಕಂಪನಿಗಳನ್ನೆಲ್ಲ ಸೇರಿಸಿ ಗ್ರೇಟ್ ಸದರ್ನ್ ರೈಲ್ವೇಸ್ ಮಾಡಿದರು. ದುಡ್ಡಿಲ್ಲ, ಹೊಸ ಇಂಜಿನ್ ಕೊಳ್ಳೋ ಶಕ್ತಿ ಇಲ್ಲ. ಹಾಗಾಗಿ 1866ರ ಈ ಮುದಿ ಎತ್ತೇ ಗತಿ. ಬಾಯ್ಲರ್ ಬದಲಿಸಿದರು, ಬೇಕಾದ್ದು ತೇಪೆ ಹಾಕಿದರು, 1960ರ ದಶಕದವರೆಗೂ ದುಡಿಸಿದರು.

ಮಾಡೆಲ್ ಕಟ್ಟೋನಿಗೆ ತಲೆನೋವು ಶುರುವಾಗೋದು ಈ ತೇಪೆಯಿಂದಲೇ. 111 ಇಂಜಿನ್ ಅಂದರೆ 111 ಒಂದೇ ಥರ ಅಂದುಕೊಂಡರೆ ಕೆಟ್ಟಿರಿ. ಉಳಿದಿರೋದು ಎರಡೇ, 184 ಮತ್ತು 186. ಆ ಎರಡೂ ಒಂದರ ಹಾಗೆ ಇನ್ನೊಂದಿಲ್ಲ! 184ಕ್ಕೆ ಹಳೇ ಕಾಲದ ಗುಂಡು ಬಾಯ್ಲರು. 186ಕ್ಕೆ ಆಮೇಲೆ ಬಂದ, ಬೆಂಕಿಪೆಟ್ಟಿಗೆಯ ತಲೆ ಚೌಕವಾಗಿರೋ ಬಾಯ್ಲರು. ಒಂದು ಹುಟ್ಟಿದ್ದು ಇಂಚಿಕೋರ್‌ನಲ್ಲಿ, ಇನ್ನೊಂದು ಮ್ಯಾಂಚೆಸ್ಟರ್‌ನಲ್ಲಿ. ಹಾಗಾಗಿ ಕಟ್ಟೋಕೆ ಕೂರೋನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಯಾವ ನಂಬರಿನ ಇಂಜಿನ್ನು? ಯಾವ ಇಸವಿಯದು? ಆ ವರ್ಷ ಅದರ ಹೊಗೆಕೊಳವೆ ಯಾವ ಥರ ಇತ್ತು? ನಂಬರು ಎರಕ ಹೊಯ್ದ ಫಲಕದಲ್ಲಿತ್ತಾ, ಬಣ್ಣದಲ್ಲಿ ಬರೆದಿತ್ತಾ? ಗ್ರೇಟ್ ಸದರ್ನ್ ಕಾಲದಲ್ಲಿ ಹೆಚ್ಚಿನ ಇಂಜಿನ್‌ಗೆ ಬೂದು ಬಣ್ಣ ಬಳೀತಿದ್ದರು. ಅದು ಎಷ್ಟು ಗಾಢ ಬೂದು ಅನ್ನೋದರ ಬಗ್ಗೆ ವಾದ ಶುರುವಾದರೆ ನಮ್ಮ ಸ್ಟುಡಿಯೋದ ಪ್ಯಾನಲ್ ಚರ್ಚೆ ಮಂಕಾಗಬೇಕು! ಕಪ್ಪು ಬಿಳುಪು ಫೋಟೋ ಎದುರಿಗಿಟ್ಟುಕೊಂಡು ಬಣ್ಣದ ಜಗಳ ಆಡೋದು ಅಂದರೆ ಸುಮ್ಮನೆನಾ? ಒಂದೇ ಸಮಾಧಾನ ಅಂದರೆ ಈ ಇಂಜಿನ್ನಿನ ಸಿಲಿಂಡರು, ಅದರ ಸರಳು, ಎಲ್ಲ ಚಕ್ರಗಳ ನಡುವೆ ಒಳಗಿವೆ. ಹೊರಗೆ ಕಾಣೋದು ಚಕ್ರಗಳನ್ನು ಜೋಡಿಸೋ ಉದ್ದ ಸರಳು ಮಾತ್ರ. ಹೊಸಬರು ಇದರಿಂದಲೇ ಶುರು ಮಾಡಲಿ ಅನ್ನೋದು ಅದಕ್ಕೇ.

ಸಿನಿಮಾ ನೋಡೋರಿಗೊಂದು ವಿಷಯ. ಶಾನ್ ಕಾನರಿ ಓಡೋ ರೈಲಿನ ಛಾವಣಿ ಮೇಲೆ ಓಡ್ತಾನಲ್ಲ, ಮೈಕೆಲ್ ಕ್ರೈಟನ್ ನಿರ್ದೇಶನದ 'ದಿ ಫಸ್ಟ್ ಗ್ರೇಟ್ ಟ್ರೈನ್ ರಾಬರಿ'. ಕಥೆ ನಡೆಯೋದು 1855ರ ಇಂಗ್ಲೆಂಡಿನಲ್ಲಿ. ಶೂಟಿಂಗ್ ಆಗಿದ್ದು ಐರ್ಲೆಂಡಿನಲ್ಲಿ, ರೈಲು ಎಳೆದಿದ್ದು ಇದೇ 101 ವರ್ಗದ ಇಂಜಿನ್ನು.

ಎತ್ತಿನ ಕಥೆ ಆಯ್ತು. ಇನ್ನು ರಾಣಿಯ ಕಥೆ.

1939. ಇಂಚಿಕೋರ್ ಕಾರ್ಖಾನೆಯಿಂದ ಒಂದು ಹೊಸ ಇಂಜಿನ್ ಹೊರಗೆ ಬಂತು. ನಂಬರು 800. ಮೂರು ಸಿಲಿಂಡರು, ಆರೂಮುಕ್ಕಾಲು ಅಡಿಗೆ ಸ್ವಲ್ಪವೇ ಕಡಿಮೆ ಎತ್ತರದ ಚಕ್ರ, ಇಂಜಿನ್ ಒಂದರದ್ದೇ ತೂಕ 84 ಟನ್. ಐರ್ಲೆಂಡಿನಲ್ಲಿ ಅಷ್ಟು ಬಲವಾದ ಉಗಿಬಂಡಿ ಅದಕ್ಕೆ ಮುಂಚೆ ಇರಲಿಲ್ಲ, ಆಮೇಲೂ ಬರಲಿಲ್ಲ. ಬೂದು ಬಣ್ಣಕ್ಕೆ ರಜೆ, ಇದಕ್ಕೆ ಹಸಿರು. ಹೆಸರು ಇಂಗ್ಲಿಷಿನಲ್ಲಿಲ್ಲ, ಐರಿಷ್ ಲಿಪಿಯಲ್ಲಿ: ಮೇವ್. ಐರಿಷ್ ಪುರಾಣದ ಕನಾಕ್ಟ್ ರಾಜ್ಯದ ರಾಣಿ, ಒಂದು ಹೋರಿಗಾಗಿ ದಂಡೆತ್ತಿ ಹೋದವಳು. ನಮ್ಮ ವಿರಾಟಪರ್ವದ ಗೋಗ್ರಹಣ ನೆನಪಾಯ್ತಲ್ವಾ? ಬೆನ್ನಿಗೇ ಇನ್ನೆರಡು ಬಂದವು, ಮಾಖಾ ಮತ್ತು ಟಾಲ್ಟ. ಮೂರೂ ಪುರಾಣದ ಹೆಣ್ಣುಮಕ್ಕಳೇ. ಸ್ವಾತಂತ್ರ್ಯ ಸಿಕ್ಕಿ ಇಪ್ಪತ್ತು ವರ್ಷ ತುಂಬದ ಒಂದು ಬಡದೇಶ, "ನೋಡಿ, ನಮ್ಮ ಕೈಯಲ್ಲೂ ಆಗುತ್ತೆ" ಅಂತ ಜಗತ್ತಿಗೆ ತೋರಿಸಿದ್ದು ಅದು.

ಡಬ್ಲಿನ್‌ನಿಂದ ಕಾರ್ಕ್‌ಗೆ 165 ಮೈಲಿ. ಮೇವ್ ಓಡಿದ್ದೇ ಓಡಿದ್ದು. ಎಷ್ಟು ದಿನ?

ಅದೇ 1939ರ ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ. ಐರ್ಲೆಂಡ್ ಯುದ್ಧಕ್ಕೆ ಇಳಿಯಲಿಲ್ಲ, ತಟಸ್ಥವಾಗಿ ಉಳಿಯಿತು. ಆದರೆ ರೈಲಿಗೆ ಬೇಕಾದ ಕಲ್ಲಿದ್ದಲು ಬರ್ತಿದ್ದದ್ದು ಬ್ರಿಟನ್‌ನಿಂದ. ಅವರು ಕೈ ಬಿಗಿ ಹಿಡಿದರು. ಬಂದದ್ದೂ ಪುಡಿ, ಕಸ. ಬೆಂಕಿ ಹತ್ತೋದೇ ಇಲ್ಲ, ಹತ್ತಿದರೂ ಒಲೆಯ ತುಂಬಾ ಕಿಟ್ಟ ಕಟ್ಟುತ್ತೆ. ದಾರಿ ಮಧ್ಯೆ ರೈಲು ನಿಲ್ಲಿಸಿ ಬೆಂಕಿ ಕೆದಕಿ, ಕಿಟ್ಟ ತೆಗೆದು, ಮತ್ತೆ ಉಗಿ ಏರೋ ತನಕ ಕಾಯಬೇಕು. ಬೆಳಗ್ಗೆ ತಲುಪಬೇಕಾದೋರು ರಾತ್ರಿ ತಲುಪ್ತಿದ್ದರು. ಅಂಥಾ ಹೊತ್ತಿನಲ್ಲಿ ದೊಡ್ಡ ಹೊಟ್ಟೆಯ ರಾಣಿಗೆ ಯಾರು ಊಟ ಹಾಕ್ತಾರೆ? ದೇಶದ ಅತಿ ದೊಡ್ಡ ಇಂಜಿನ್ನು ಹುಟ್ಟಿದ್ದೇ ದೇಶದಲ್ಲಿ ಇದ್ದಲು ಮುಗಿಯೋ ಹೊತ್ತಿಗೆ. ದುರ್ದೈವ ಅಂದರೆ ಇದಲ್ವಾ?

ಯುದ್ಧ ಮುಗಿದರೂ ಬರ ಮುಗಿಯಲಿಲ್ಲ. 1947ರ ಚಳಿ ಭಯಂಕರ, ಇದ್ದಲು ಮತ್ತೆ ಖಾಲಿ. ಕೆಲವು ಇಂಜಿನ್‌ಗಳನ್ನು ಎಣ್ಣೆ ಉರಿಸೋ ಹಾಗೆ ಬದಲಾಯಿಸಿದರು. ಸಿಗ್ನಲ್‌ನವರಿಗೆ ದೂರದಿಂದಲೇ ಗುರುತು ಸಿಗಲಿ ಅಂತ ಅವುಗಳ ಮುಂಭಾಗಕ್ಕೆ ದೊಡ್ಡ ಬಿಳೀ ವೃತ್ತ ಬಳಿದರು. ಇವತ್ತು ನೀವು ಒಂದು ಐರಿಷ್ ಮಾಡೆಲ್ ಇಂಜಿನ್ನಿನ ಮೂತಿಯ ಮೇಲೆ ದೊಡ್ಡ ಬಿಳೀ ಬೊಟ್ಟು ಕಂಡರೆ ಅದು ಶೋಕಿಯಲ್ಲ. ಆ ಒಂದು ಬೊಟ್ಟಿನಲ್ಲಿ ಒಂದು ದೇಶದ ಇದ್ದಲಿನ ಬರ ಇದೆ. ಕಟ್ಟಿದವನಿಗೆ ಅದು ಗೊತ್ತು.

ಇನ್ನೊಬ್ಬ ಮಹಾಶಯನಿದ್ದ, ಆಲಿವರ್ ಬುಲೀಡ್. ಇಂಗ್ಲೆಂಡಿನ ಹೆಸರಾಂತ ಇಂಜಿನ್ ವಿನ್ಯಾಸಗಾರ, ಐರ್ಲೆಂಡಿಗೆ ಬಂದು ಇಂಚಿಕೋರ್‌ನ ಹೊಣೆ ಹೊತ್ತ. ಆತನ ತಲೆಯಲ್ಲಿದ್ದದ್ದು: ಈ ದೇಶದಲ್ಲಿ ಇದ್ದಲಿಲ್ಲ, ಸರಿ. ಏನಿದೆ? ಜವುಗು ನೆಲದ ಪೀಟ್ ಇದೆ. ಹುಲ್ಲು, ಪಾಚಿ ಸಾವಿರಾರು ವರ್ಷ ಕೊಳೆತು ಆದ ಕಪ್ಪು ಮಣ್ಣು. ಅಲ್ಲಿನ ಹಳ್ಳಿಯವರು ಅದನ್ನೇ ಇಟ್ಟಿಗೆ ಥರ ಕೊಯ್ದು ಒಣಗಿಸಿ ಒಲೆಗೆ ಹಾಕೋರು, ನಮ್ಮಲ್ಲಿ ಬೆರಣಿ ಇದ್ದ ಹಾಗೆ. ಅದನ್ನೇ ಉರಿಸೋ ರೈಲು ಯಾಕೆ ಬೇಡ? 1957ರಲ್ಲಿ ಸಿಸಿ1 ಅನ್ನೋ ಇಂಜಿನ್ ಕಟ್ಟಿಯೇಬಿಟ್ಟ. ಕೆಳಗೆ ಎರಡು ಗಾಲಿಗಾಡಿ, ಮೇಲೆ ಪೆಟ್ಟಿಗೆಯಾಕಾರ, ಉಗಿಬಂಡಿ ಅಂತ ಯಾರೂ ಗುರುತಿಸದ ರೂಪ. ಪರೀಕ್ಷೆಗೆ ಓಡಿತು. ಆದರೆ ಅಷ್ಟರಲ್ಲಿ ಡೀಸೆಲ್ ಬಂದು ಕೂತಿತ್ತು. ದಿನನಿತ್ಯದ ಸೇವೆಗೆ ಅದು ಇಳಿಯಲೇ ಇಲ್ಲ, ಗುಜರಿಗೆ ಹೋಯ್ತು. ಇವತ್ತು ಅದನ್ನು ನೋಡಬೇಕು ಅಂದರೆ ಒಂದು ಹಳೇ ಫೋಟೋ, ಇಲ್ಲ ಯಾರೋ ಒಬ್ಬ ಹಿತ್ತಾಳೆ ತಗಡು ಕತ್ತರಿಸಿ ಕಟ್ಟಿದ ಮಾಡೆಲ್.

ಗಣರಾಜ್ಯದಲ್ಲಿ ಉಗಿ ಆರಿದ್ದು 1963ರಲ್ಲಿ. ಉತ್ತರ ಐರ್ಲೆಂಡಿನಲ್ಲಿ ಮಾತ್ರ ಇನ್ನೂ ಕೆಲವು ವರ್ಷ ಉಸಿರಾಡಿತು, ಅದೂ ಹೆದ್ದಾರಿ ಕಟ್ಟೋಕೆ ಕಲ್ಲುಮಣ್ಣು ಹೊರೋ ಕೂಲಿಯಲ್ಲಿ! 1970ರಲ್ಲಿ ಅದೂ ಮುಗೀತು. ಮೂರು ರಾಣಿಯರಲ್ಲಿ ಉಳಿದದ್ದು ಮೇವ್ ಒಬ್ಬಳೇ, ಬೆಲ್‌ಫಾಸ್ಟ್ ಹತ್ತಿರದ ಕಲ್ಟ್ರಾ ಮ್ಯೂಸಿಯಂನಲ್ಲಿ. ಗ್ರೇಟ್ ನಾರ್ದರ್ನ್ ಕಂಪನಿಯದು ಆಕಾಶನೀಲಿ ಬಣ್ಣದ ಐದು ಚೆಲುವೆಯರಿದ್ದರು, 1932ರವು, ಐದಕ್ಕೂ ಬೇಟೆಹಕ್ಕಿಗಳ ಹೆಸರು. ಉಳಿದದ್ದು ಮರ್ಲಿನ್ ಒಂದೇ. 111 ಎತ್ತುಗಳಲ್ಲಿ ಎರಡು. ಇನ್ನು ಎಷ್ಟೋ ವರ್ಗಗಳಲ್ಲಿ ಸೊನ್ನೆ.

ಈಗ ಅರ್ಥವಾಯ್ತಾ ಆ ಇಪ್ಪತ್ತೊಂದು ಮಿಲಿಮೀಟರ್ ಹಠ ಯಾಕೆ ಅಂತ? ಮೂಲವೇ ಇಲ್ಲದ ಮೇಲೆ ನಕಲೇ ಸಾಕ್ಷಿ. ಸಾಕ್ಷಿ ಸುಳ್ಳು ಹೇಳಬಾರದು.

ಇದನ್ನು ಎಲ್ಲರಿಗಿಂತ ಮೊದಲು ಅರಿತವನು ಸಿರಿಲ್ ಫ್ರೈ. ಇಂಚಿಕೋರ್‌ನಲ್ಲೇ ನಕ್ಷೆ ಬರೆಯೋ ಕೆಲಸ. ಹಗಲು ನಿಜವಾದ ಇಂಜಿನ್ನಿನ ನಕ್ಷೆ, ಸಂಜೆ ಮನೆಯಲ್ಲಿ ಅದೇ ಇಂಜಿನ್ನಿನ ಮರಿ. ಒಂದಲ್ಲ ಎರಡಲ್ಲ, ದಶಕಗಟ್ಟಲೆ. ಅಂಗಡಿಯ ಸರಕಲ್ಲ, ಕೈಯಾರೆ ಕಟ್ಟಿದ್ದು. ಫ್ರೈ ತೀರಿಕೊಂಡ ಮೇಲೆ ಆ ಸಂಗ್ರಹ 1988ರಿಂದ ಡಬ್ಲಿನ್ ಬಳಿಯ ಮ್ಯಾಲಹೈಡ್ ಕೋಟೆಯಲ್ಲಿ ಜನರಿಗೆ ತೆರೆದಿತ್ತು. 2010ರಲ್ಲಿ ಬಾಗಿಲು ಹಾಕಿದರು. ಹತ್ತು ವರ್ಷ ಬಿಟ್ಟು, 2020ರಲ್ಲಿ ಅದೇ ಊರಿನ ಕ್ಯಾಸಿನೋ ಅನ್ನೋ ಹಳೇ ಹುಲ್ಲುಛಾವಣಿ ಮನೆಯಲ್ಲಿ ಮ್ಯೂಸಿಯಂ ಮಾಡಿದರು. ಹೆಸರು ಕ್ಯಾಸಿನೋ, ಒಳಗೆ ಜೂಜಿಲ್ಲ, ಗಾಬರಿಯಾಗಬೇಡಿ.

ಇಂಜಿನ್ ಮಾತ್ರ ಅಲ್ಲ, ಊರೂ ಅಷ್ಟೇ. ಫರ್ಮನಾ ಅಂತ ಒಂದು ಜಿಲ್ಲೆ ಇದೆ, ಉತ್ತರ ಐರ್ಲೆಂಡಿನ ಗಡಿಯಲ್ಲಿ. 1921ರಲ್ಲಿ ದೇಶ ಇಬ್ಭಾಗವಾದಾಗ ಅಲ್ಲಿನ ರೈಲು ಮಾರ್ಗದ ನಡುವೆಯೇ ಗಡಿಗೆರೆ ಬಿತ್ತು. ಕಸ್ಟಮ್ಸ್ ತಪಾಸಣೆ, ನಷ್ಟ, ಕೊನೆಗೆ 1957ರಲ್ಲಿ ಜಿಲ್ಲೆಯ ಎಲ್ಲ ಲೈನನ್ನೂ ಒಟ್ಟಿಗೇ ಮುಚ್ಚಿದರು. ಇವತ್ತಿಗೂ ಅಲ್ಲಿಗೆ ರೈಲಿಲ್ಲ. ಎನಿಸ್ಕಿಲ್ಲೆನ್ ಸ್ಟೇಷನ್ನಿಗೆ ರೈಲು ಬಂದು ನಿಲ್ಲೋದನ್ನು ಮತ್ತೆ ನೋಡಬೇಕು ಅಂದರೆ ಯಾರಾದರೂ ಒಂದು ಹಲಗೆಯ ಮೇಲೆ ಆ ಸ್ಟೇಷನ್ ಕಟ್ಟಬೇಕು.

ನಮ್ಮಲ್ಲೂ ಈ ಹುಚ್ಚಿನವರಿದ್ದಾರೆ. ಅವರಿಗೂ ಇದೇ ಗೋಳು. ನಮ್ಮ ಐದಡಿ ಆರಿಂಚಿಗೆ ಅದೇ ಲೆಕ್ಕದಲ್ಲಿ ಇಪ್ಪತ್ತೆರಡು ಮಿಲಿಮೀಟರ್ ಬೇಕು. ಹೊರದೇಶದಿಂದ ತರಿಸೋ ಹಳಿ ಹದಿನಾರೂವರೆ. ನಮ್ಮ ಇಂಜಿನ್ನೂ ಕಾಲು ಕೂಡಿಸಿಕೊಂಡೇ ನಿಲ್ಲಬೇಕು. ಮೈಸೂರಿನ ರೈಲು ಮ್ಯೂಸಿಯಂನಲ್ಲಿ ನಿಂತಿರೋ ಹಳೇ ಇಂಜಿನ್ ಮುಂದೆ ಸೆಲ್ಫಿ ತೆಗೆದುಕೊಳ್ಳೋರಲ್ಲಿ ಒಬ್ಬನಾದರೂ ಒಂದು ದಿನ ಟೇಪು ಹಿಡಿದು ಅಳತೆ ತೆಗೆದುಕೊಳ್ಳಲಿ ಅಂತ ನನಗಾಸೆ.

ಕೊನೆಗೆ ಒಂದು ಸುದ್ದಿ. 1964ರಲ್ಲಿ ಉಗಿಬಂಡಿ ಪ್ರಿಯರು ಸೇರಿ ರೈಲ್ವೆ ಪ್ರಿಸರ್ವೇಷನ್ ಸೊಸೈಟಿ ಆಫ್ ಐರ್ಲೆಂಡ್ ಅಂತ ಒಂದು ಸಂಘ ಕಟ್ಟಿದರು. ಬೆಲ್‌ಫಾಸ್ಟ್ ಆಚೆ ವೈಟ್‌ಹೆಡ್ ಅನ್ನೋ ಕಡಲತಡಿಯ ಊರಿನಲ್ಲಿ ಅವರ ಶೆಡ್. 184, 186 ಎರಡನ್ನೂ ಉಳಿಸಿದೋರು ಇವರೇ. ಉತ್ತರದ ಲೈನಿನಲ್ಲಿ 1933ರಿಂದ ಡಬ್ಲ್ಯೂ ವರ್ಗದ ಹದಿನೈದು ಇಂಜಿನ್ ಓಡ್ತಿದ್ದವು, ನಂಬರು 90ರಿಂದ 104. ಒಂದೂ ಉಳಿಯಲಿಲ್ಲ, ಹದಿನೈದೂ ಗುಜರಿಗೆ. ಹೋದದ್ದು ಹೋಯ್ತು ಅಂತ ಅವರು ಕೂರಲಿಲ್ಲ. ಹೊಸದಾಗಿ ಒಂದನ್ನು ಕಟ್ಟೋಕೆ ಹೊರಟಿದ್ದಾರೆ. ಈ ಸಲ ಹಿತ್ತಾಳೆ ತಗಡಲ್ಲ, ಉಕ್ಕು. ಅಡಿಗೆ ನಾಲ್ಕು ಮಿಲಿಮೀಟರ್ ಅಲ್ಲ, ಅಡಿಗೆ ಅಡಿ. ಹಳಿ ಐದಡಿ ಮೂರಿಂಚು. ಇಟ್ಟಿರೋ ನಂಬರು 105.